ಕೂಸು ಆರಾಮ ಅದಾಳ

ಮಧ್ಯಾಹ್ನದ ಊಟ ಮುಗಿದಿತ್ತು. ಹುಬ್ಬಳ್ಳಿಯ ಬಿಸಿಲಿಗೆ ಬೀದಿ ನಾಯಿಗಳೂ ನೆರಳು ಹಿಡಿದು ಬಿದ್ದಿದ್ದವು. ಐದು ವರ್ಷದ ಬನಶ್ರೀ ಚಾಪೆಯ ಮೇಲೆ ಅಂಗಾತ ಮಲಗಿ, ಬಾಯಿ ಅರ್ಧ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಳು. ಅವಳ ಎದೆಯ ಕೆಳಗೆ ಸುತ್ತಿದ್ದ ಬೂದುಬಣ್ಣದ ಬಟ್ಟೆಪಟ್ಟಿಯ ಅಂಚಿನಲ್ಲಿ ಸಾಸಿವೆಕಾಳಿನಷ್ಟು ಹಸಿರು ದೀಪ ಮಿಣುಕಿತು. ಮಿಣುಕಿದ ಕೂಡಲೇ ಹೊಟ್ಟೆ ಮೇಲೆದ್ದು ಇಳಿಯಿತು. ದೀಪ ಮತ್ತೆ ಮಿಣುಕಿತು, ಮತ್ತೆ ಉಸಿರು ಬಂತು. ಪಕ್ಕದಲ್ಲಿ ಕೊತ್ತಂಬರಿ ಸೋಸುತ್ತ ಕುಳಿತಿದ್ದ ತಾಯಿ ಮಹಾನಂದಾಳ ಕಣ್ಣು ಸೊಪ್ಪಿನ ಮೇಲಿರಲಿಲ್ಲ, ದೀಪದ ಮೇಲಿತ್ತು.

ಎಚ್ಚರವಿದ್ದಾಗ ಬನಶ್ರೀ ಮನೆಯನ್ನೇ ತಲೆಯ ಮೇಲೆ ಹೊತ್ತು ಕುಣಿಯುವ ಹುಡುಗಿ. ಆದರೆ ಹುಟ್ಟುವಾಗಲೇ ಅವಳಿಗೊಂದು ಕೊರತೆ ಅಂಟಿಕೊಂಡಿತ್ತು. ನಾವು ನಿದ್ದೆ ಹೋದಾಗಲೂ ಉಸಿರಾಟವನ್ನು ನಡೆಸಿಕೊಂಡು ಹೋಗುವ ಪುಟ್ಟ ಕೇಂದ್ರವೊಂದು ಎಲ್ಲರ ಮಿದುಳಿನ ಬುಡದಲ್ಲಿರುತ್ತದೆ. ಬನಶ್ರೀಯಲ್ಲಿ ಅದೂ ಅವಳ ಜೊತೆಗೇ ಮಲಗಿಬಿಡುತ್ತದೆ. ಹಿಂದೆ ಇಂಥ ಮಕ್ಕಳ ಗಂಟಲಿಗೆ ತೂತು ಮಾಡಿ ಉಸಿರಾಟದ ಯಂತ್ರದ ಕೊಳವೆ ಜೋಡಿಸುತ್ತಿದ್ದರು. ಎದೆಯ ಕೆಳಗೆ ಸುತ್ತುವ ಈ ಉಸಿರುಪಟ್ಟಿ ಬಂದ ಮೇಲೆ ಅದು ತಪ್ಪಿತು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂಬುದನ್ನು ಪಟ್ಟಿಯ ನೂಲುಗಳು ಚರ್ಮದ ಮೇಲಿಂದಲೇ ಅಳೆಯುತ್ತವೆ. ಅದು ಏರುವ ಮೊದಲೇ ವಪೆಗೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಗೆ, ಸಣ್ಣದೊಂದು ವಿದ್ಯುತ್ ಸೂಚನೆ ಕಳಿಸುತ್ತವೆ. ವಪೆ ಕೆಳಗಿಳಿಯುತ್ತದೆ, ಗಾಳಿ ಒಳಗೆ ಬರುತ್ತದೆ. ಮಗುವಿಗೆ ಇದು ಗೊತ್ತೂ ಆಗುವುದಿಲ್ಲ.

ಆದರೆ ಮಕ್ಕಳು ಬೆಳೆಯುತ್ತವೆ. ಬೇರೆ ಮನೆಗಳಲ್ಲಿ ಮಗು ದಪ್ಪಗಾದರೆ ಹಿಗ್ಗುತ್ತಾರೆ. ಮಹಾನಂದಾಳಿಗೆ ಎದೆ ಧಸಕ್ಕೆನ್ನುತ್ತಿತ್ತು. ಪಟ್ಟಿಯನ್ನು ಕೊನೆಯ ಕೊಂಡಿಗೆ ಹಾಕಿದರೂ ಬಿಗಿ. ಅಳೆಯುವ ನೂಲುಗಳು ಇರಬೇಕಾದ ಜಾಗದಿಂದ ಸರಿದಿದ್ದವು. ಇತ್ತೀಚೆಗೆ ದೀಪ ಆಗೀಗ ಹಳದಿಯಾಗುತ್ತಿತ್ತು. ಹಳದಿಯಾದರೆ ಪಟ್ಟಿಗೆ ಉಸಿರಿನ ಜಾಡು ತಪ್ಪಿದೆ ಎಂದರ್ಥ. ತಕ್ಷಣ ಭುಜ ಅಲುಗಿಸಿ ಮಗುವನ್ನು ಎಬ್ಬಿಸಬೇಕು. ದೊಡ್ಡ ಅಳತೆಯ ಪಟ್ಟಿ ಬೇಕೆಂದು ಅವಳು ‘ನೆರಳು’ ಎಂಬ ವಿಮಾ ಸಂಸ್ಥೆಯನ್ನು ಕೇಳಿದ್ದಳು. ಸ್ವಂತ ದುಡ್ಡಿನಲ್ಲಿ ಕೊಳ್ಳುವ ಮಾತು ಮನೆ ಮಾರಿದರೂ ಆಗುವಂಥದ್ದಲ್ಲ.

ನೆರಳು ಸಂಸ್ಥೆಗೆ ಕುಶಲಾ ಎಂಬ ದನಿಯೊಂದಿತ್ತು. ಮನುಷ್ಯರ ದನಿಯಲ್ಲ, ಯಂತ್ರದ್ದು. ವಾರಕ್ಕೊಮ್ಮೆ ಫೋನು ಮಾಡಿ, ಸ್ವಂತ ತಂಗಿಯ ಹಾಗೆ ವಿಚಾರಿಸುತ್ತಿತ್ತು.

“ಅಕ್ಕಾರ, ಆರಾಮ ಅದೀರಿ? ಕೂಸು ಹೆಂಗೈತ್ರಿ?”

“ಆರಾಮ ಅದಾಳ್ರಿ. ಆಡಕೊಂತ ಅದಾಳ,” ಎಂದು ಮಹಾನಂದಾ ಹೇಳುತ್ತಿದ್ದಳು. ಪ್ರತಿ ವಾರವೂ ಅದೇ ಮಾತು.

ಇದು ಸುಳ್ಳೆಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಬಸ್ ಡಿಪೋದಲ್ಲಿ ಅವಳದು ತಪಾಸಣೆಯ ಕೆಲಸ. ಬ್ರೇಕಿನಲ್ಲಿ ಕೂದಲೆಳೆಯಷ್ಟು ಸವಕಳಿ ಕಂಡರೂ, ಚಾಲಕರು ಎಷ್ಟೇ ಗೊಣಗಲಿ, ಬಸ್ಸನ್ನು ಶೆಡ್ಡಿನಿಂದ ಹೊರಗೆ ಬಿಡುವವಳಲ್ಲ. ಆದರೆ ಬಸ್ಸಿನ ಮಾತು ಬೇರೆ, ಮಗುವಿನ ಮಾತು ಬೇರೆ. “ಕೂಸಿನ ಜಡ್ಡು ಬಾಯಾಗ ತರಬಾರದವಾ, ಅಂದದ್ದ ಆಗಿಬಿಡತೈತಿ. ಯಾರು ಕೇಳಿದ್ರೂ ಆರಾಮ ಅನ್ನಬೇಕು,” ಎಂದು ಅತ್ತೆ ಗೌರವ್ವ ಬಾಣಂತಿಕೋಣೆಯಲ್ಲೇ ಹೇಳಿಕೊಟ್ಟಿದ್ದಳು. ಗೌರವ್ವನಿಗೆ ಅವಳ ಅತ್ತೆ ಹೇಳಿಕೊಟ್ಟಿದ್ದಳು. ಕೇಳಿದವರೂ ಅದನ್ನು ವಾಡಿಕೆಯ ಮಾತೆಂದೇ ತಿಳಿದುಕೊಳ್ಳುತ್ತಿದ್ದರು, ಮುಖ ನೋಡಿ ಉಳಿದದ್ದನ್ನು ಊಹಿಸುತ್ತಿದ್ದರು.

ಕುಶಲಾ ಮುಖ ನೋಡುತ್ತಿರಲಿಲ್ಲ, ಕೇಳಿದ ಮಾತನ್ನಷ್ಟೇ ದಾಖಲಿಸಿಕೊಳ್ಳುತ್ತಿತ್ತು. ಹೊಸ ಪಟ್ಟಿಯ ವಿಷಯ ತಿಳಿಸಲು ಫೋನು ಮಾಡಿದ ದಿನ ಅದು ಹುಬ್ಬಳ್ಳಿಯ ಮಾತು ಬಿಟ್ಟು ಕಚೇರಿಯ ಕನ್ನಡ ಶುರುಮಾಡಿತು.

“ಮಾನ್ಯರೆ, ತಮ್ಮ ಕೋರಿಕೆಯನ್ನು ಪರಿಶೀಲಿಸಲಾಗಿದೆ. ಮಗು ಆರೋಗ್ಯವಾಗಿದೆ ಎಂದು ತಾವು ಪ್ರತಿ ವಾರವೂ ತಿಳಿಸಿರುತ್ತೀರಿ. ಸಾಧನದ ದಾಖಲೆಯಲ್ಲಿಯೂ ಉಸಿರಾಟ ನಿಂತ ಘಟನೆ ಕಂಡುಬಂದಿರುವುದಿಲ್ಲ. ಆದುದರಿಂದ ಹೊಸ ಸಾಧನದ ಅಗತ್ಯ ಸಾಬೀತಾಗಿಲ್ಲ. ಒಪ್ಪಿಗೆ ಇಲ್ಲದಿದ್ದಲ್ಲಿ ಮೇಲ್ಮನವಿ ಸಲ್ಲಿಸಬಹುದು.”

ಮಹಾನಂದಾ ಡಿಪೋಗೆ ರಜೆ ಹಾಕಿ ಧಾರವಾಡಕ್ಕೆ ಹೋದಳು. ಉಸಿರುಪಟ್ಟಿಯನ್ನು ಕಂಡುಹಿಡಿದ ಡಾ. ವಾರಿಜಾ ಕಟ್ಟಿ ಅಲ್ಲಿನ ಪ್ರಯೋಗಾಲಯದಲ್ಲಿದ್ದರು. ನರೆತ ಕೂದಲಿನ, ಚಹಾದ ಮೇಲೆ ಚಹಾ ಕುಡಿಯುವ ಹೆಂಗಸು. ಕುಶಲಾ ಹೇಳಿದ್ದನ್ನು ಕೇಳಿಸಿಕೊಂಡು ಕಪ್ಪನ್ನು ಟೇಬಲ್ಲಿಗೆ ಕುಕ್ಕಿದರು.

“ಉಸಿರು ನಿಲ್ಲಾಕ ಬಿಡದಿರೋದ ಅದರ ಕೆಲಸ ಅಲ್ಲೇನ್ರಿ? ಛತ್ರಿ ಹಿಡಿದಾಂವ ತೊಯ್ದಿಲ್ಲ ಅಂತ ಅವನ ಛತ್ರಿ ಕಸಗೊಂಡ್ರ ಹೆಂಗ?”

“ಹಂಗಂತ ನೀವ ಅವರಿಗೆ ಹೇಳ್ರಿ ಮೇಡಂ.”

“ಬೇರೆ ಮಕ್ಕಳ ಸಲುವಾಗಿ ಹೇಳಿ ನೋಡೀನಿ. ಕೆಲವು ಮಕ್ಕಳಾಗ ಬೆಳದಂಗ ಆ ಕೇಂದ್ರ ತಾನ ಎಚ್ಚರಾಗಬಹುದು ಅಂತ ಹಿಂದ ಒಂದು ಲೇಖನದಾಗ ಒಂದು ಸಾಲು ಬರದಿದ್ದೆ. ತಾಯಂದ್ರಿಗೆ ಧೈರ್ಯ ಬರಲಿ ಅಂತ. ಈಗ ಅದನ್ನ ನನಗ ಓದಿ ತೋರಸ್ತಾರ.”

“ಹಂಗಾರ ನೀವ ಒಂದು ಪಟ್ಟಿ ಮಾಡಿ ಕೊಡ್ರಿ. ನಿಮ್ಮ ಕೈಲೆ ಹುಟ್ಟಿದ್ದಲ್ಲೇನು?”

ವಾರಿಜಾ ಕಪ್ಪನ್ನು ಪಕ್ಕಕ್ಕೆ ಸರಿಸಿದರು. ಹೆಚ್ಚು ಮಕ್ಕಳಿಗೆ ಮುಟ್ಟಲಿ ಎಂದು ಅವರು ತಯಾರಿಕೆಯ ಹಕ್ಕನ್ನು ಒಂದು ಕಂಪನಿಗೆ ಬಿಟ್ಟುಕೊಟ್ಟು ವರ್ಷಗಳೇ ಆಗಿದ್ದವು. “ಹೊಲಿದು ಕೊಡಬಹುದ್ರೀ. ಆದ್ರ ಕಂಪನಿಯಿಂದ ಗುಪ್ತಸಂಕೇತ ಬರದ ಅದು ಕೆಲಸ ಮಾಡಾಂಗಿಲ್ಲ. ಬರೇ ಬಟ್ಟಿ ಆಗತೈತಿ. ನನ್ನ ಕೈಯಾಗ ಏನೂ ಉಳದಿಲ್ಲ.” ಮತ್ತೆ ಹೇಳಿದರು: “ಒಂದ ದಾರಿ ಐತಿ ಅಂತಾರ. ಪಟ್ಟಿ ಬಿಚ್ಚಿ ಕೂಸಿನ್ನ ಮಲಗಿಸಬೇಕು. ಉಸಿರು ನಿಂತಿದ್ದು ದಾಖಲಾಗಬೇಕು.”

“ಎಷ್ಟೊತ್ತು ನಿಲ್ಲಬೇಕ್ರಿ?”

“ಅವರಿಗೆ ನಂಬಿಗಿ ಬರೂತನಕ.”

“ನಾ ಮಾಡಾಂಗಿಲ್ಲ.”

“ನಾನೂ ಮಾಡಸಾಂಗಿಲ್ಲ,” ಎಂದರು ವಾರಿಜಾ. ಅವರ ಕಣ್ಣು ತುಂಬಿತ್ತು. ವಿಜ್ಞಾನಿಗಳ ಕಣ್ಣೀರಿಗೂ ಬೇರೆಯವರ ಕಣ್ಣೀರಿಗಿಂತ ಹೆಚ್ಚಿನ ಬೆಲೆಯೇನೂ ಇಲ್ಲವೆಂದು ಮಹಾನಂದಾಳಿಗೆ ಅಂದು ತಿಳಿಯಿತು.

ಉಳಿದದ್ದು ಬಾಯಿಮಾತು. ಮೇಲ್ಮನವಿಯ ದಿನ ಎಲ್ಲವನ್ನೂ ಬಿಚ್ಚಿ ಹೇಳುತ್ತೇನೆಂದು ಅವಳು ನಿರ್ಧರಿಸಿದಳು. ಅದನ್ನು ಕೇಳಿ ಗೌರವ್ವ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಆದರೆ ಆ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಸೀರೆ ಉಟ್ಟು, ಮೊಮ್ಮಗಳ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ನೆರಳು ಸಂಸ್ಥೆಯ ಕಚೇರಿಯಲ್ಲಿ ಮನುಷ್ಯರೆಂದರೆ ಒಬ್ಬಳೇ ಒಬ್ಬಳು ಹೆಂಗಸಿದ್ದಳು. ನೀರು ತಂದುಕೊಟ್ಟು, “ನನ್ನ ಕೈಯಾಗ ಏನಿಲ್ರಿ, ಎಲ್ಲಾ ಅದಕ್ಕ ಹೇಳಬೇಕು,” ಎಂದು ಗೋಡೆಯ ಕಡೆ ತೋರಿಸಿ ಹೊರಟುಹೋದಳು. ಗೋಡೆಯೊಳಗಿಂದ ಕುಶಲಾ ನಮಸ್ಕಾರ ಹೇಳಿತು.

ಮಹಾನಂದಾ ಎದ್ದು ನಿಂತಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. “ನನ್ನ ಮಗಳಿಗೆ... ಮಕ್ಕೊಂಡಾಗ...” ಎಂದು ಎರಡು ಸಲ ಶುರುಮಾಡಿದಳು. ಮುಂದೆ ನಾಲಿಗೆ ಏಳಲಿಲ್ಲ. ಮಗಳು ಅಲ್ಲೇ ಕುರ್ಚಿಯಲ್ಲಿ ಕಾಲು ಅಲ್ಲಾಡಿಸುತ್ತ ಕೂತಿದ್ದಳು.

ಆಗ ಗೌರವ್ವ ಬಾಯಿ ಬಿಟ್ಟಳು. ಜೀವಮಾನವೆಲ್ಲ ಯಾವ ಮಾತನ್ನು ಹೊಸ್ತಿಲೊಳಗೆ ಬಿಟ್ಟುಕೊಂಡಿರಲಿಲ್ಲವೋ ಅದನ್ನೇ ಗೋಡೆಯ ಮುಂದೆ ಕೂಗಿ ಹೇಳಿದಳು.

“ಸಾಯ್ತೈತ್ರೀ ನಮ್ಮ ಕೂಸು! ಪಟ್ಟಿ ಇಲ್ಲದ ಮಲಗಿದ್ರ ಉಸಿರು ನಿಂತು ಸಾಯ್ತೈತಿ. ಹುಟ್ಟಿದ ವಾರದಾಗ ನನ್ನ ತೊಡಿ ಮ್ಯಾಲೆ ನೀಲಿ ಆಗಿತ್ತು. ನಾನ ಕಣ್ಣಾರೆ ನೋಡೀನಿ. ಆರಾಮ ಅಂದದ್ದು ಸುಳ್ಳು. ಅನ್ನಾಕ ಕಲಿಸಿದಾಕಿ ನಾನು. ನನ್ನ ಹಾಕ್ರಿ ಜೇಲಿಗೆ, ಕೂಸಿಗೆ ಪಟ್ಟಿ ಕೊಡ್ರಿ!”

ಕುಶಲಾ ಆಲೋಚಿಸಲು ಎರಡು ಉಸಿರಿನಷ್ಟೂ ಹೊತ್ತು ತೆಗೆದುಕೊಳ್ಳಲಿಲ್ಲ.

“ತಮ್ಮ ಹೇಳಿಕೆಯನ್ನು ದಾಖಲಿಸಲಾಗಿದೆ. ಇದು ಹಿಂದಿನ ಎಲ್ಲ ಹೇಳಿಕೆಗಳಿಗೆ ವಿರುದ್ಧವಾಗಿದೆ. ಕೋರಿಕೆ ತಿರಸ್ಕೃತವಾದ ಬಳಿಕ ನೀಡಿದ ಹೇಳಿಕೆಗಿಂತ ಮೊದಲು ಸಹಜವಾಗಿ ನೀಡಿದ ಹೇಳಿಕೆಗಳೇ ಹೆಚ್ಚು ವಿಶ್ವಾಸಾರ್ಹ. ಮೇಲ್ಮನವಿಯನ್ನು ವಜಾ ಮಾಡಲಾಗಿದೆ. ಮಗುವಿಗೆ ಶುಭವಾಗಲಿ.”

ಮರಳಿ ಬರುವಾಗ ಬಸ್ಸಿನಲ್ಲಿ ಬನಶ್ರೀ ಅವ್ವನ ಸೆರಗು ಜಗ್ಗಿದಳು. “ಅವ್ವಾ, ನಾ ಮಕ್ಕೊಂಡ್ರ ಸಾಯ್ತೀನೇನು?”

ಮಹಾನಂದಾ ಅವಳನ್ನು ಅಪ್ಪಿಕೊಂಡಳು. ಗೌರವ್ವ ಕಿಟಕಿಯ ಕಡೆ ತಿರುಗಿ, ತನ್ನ ಬಾಯಿಯ ಮೇಲೆ ತಾನೇ ಹೊಡೆದುಕೊಂಡಳು.

ಅಂದಿನಿಂದ ಅತ್ತೆ ಸೊಸೆ ಸರದಿಯ ಮೇಲೆ ಎಚ್ಚರವಿದ್ದು ದೀಪ ಕಾದರು. ಅದಕ್ಕಿಂತ ಕಷ್ಟವಾದದ್ದು ಮಗುವನ್ನು ಮಲಗಿಸುವುದು. ಬನಶ್ರೀ ನಿದ್ದೆಗೆ ಹೆದರಿದಳು. ರೆಪ್ಪೆ ಭಾರವಾದರೆ ಕಣ್ಣು ತಿಕ್ಕಿ ತಿಕ್ಕಿ ಎದ್ದು ಕೂರುತ್ತಿದ್ದಳು. ಮುಖ ಬಾಡಿ ಕಣ್ಣು ಗುಳಿಬಿದ್ದವು.

ವಾರ ತುಂಬಿತು. ಮಧ್ಯಾಹ್ನ ಫೋನು ಬಂತು. ಕುಶಲಾ ಏನೂ ನಡೆದೇ ಇಲ್ಲವೆಂಬಂತೆ ಹುಬ್ಬಳ್ಳಿಯ ಮಾತಿಗೆ ಮರಳಿತ್ತು.

“ಅಕ್ಕಾರ, ಆರಾಮ ಅದೀರಿ? ಕೂಸು ಹೆಂಗೈತ್ರಿ?”

ಇವತ್ತು ಹೇಳಬೇಕಾದ ಒಂದೊಂದು ಮಾತನ್ನೂ ಮಹಾನಂದಾ ಡಿಪೋದಲ್ಲಿ ಬಸ್ಸುಗಳ ಮುಂದೆ ಅಭ್ಯಾಸ ಮಾಡಿದ್ದಳು. ವಾರವಾರವೂ ನಿಜ ಹೇಳುತ್ತ ಹೋದರೆ ಮುಂದೆಂದೋ ಒಂದು ದಿನ ಅದು ಹಳೆಯ ಹೇಳಿಕೆಗಳಿಗಿಂತ ಹೆಚ್ಚು ತೂಗೀತು. ಹೇಳಲು ಬಾಯಿ ತೆರೆದಳು. ತೊಡೆಯ ಮೇಲೆ ಒರಗಿದ್ದ ಬನಶ್ರೀ ಕೆಂಪಾದ ಕಣ್ಣುಗಳಿಂದ ಅವ್ವನ ತುಟಿಗಳನ್ನೇ ನೋಡುತ್ತಿದ್ದಳು. ಅವಳು ಉಸಿರು ಬಿಗಿಹಿಡಿದಿದ್ದಳು.

“ಆರಾಮ ಅದಾಳ್ರಿ,” ಎಂದಳು ಮಹಾನಂದಾ. “ನನ್ನ ಮಗಳಿಗೆ ಏನೂ ಆಗಿಲ್ಲ. ಭಾಳ ಆರಾಮ ಅದಾಳ.”

ದಾಖಲಾಯಿತು. ಫೋನು ನಿಂತಿತು. ಎಷ್ಟೋ ದಿನಗಳ ಮೇಲೆ ಮಗು ಮೈ ಸಡಿಲಬಿಟ್ಟು, ಅವ್ವನ ಹೊಟ್ಟೆಗೆ ಮುಖ ಒತ್ತಿ ಕಣ್ಣು ಮುಚ್ಚಿತು. ಪಟ್ಟಿಯ ದೀಪ ಹಸಿರಾಗಿ ಮಿಣುಕಿತು, ಮತ್ತೆ ಹಸಿರಾಯಿತು, ಆಮೇಲೆ ಹಳದಿಗೆ ತಿರುಗಿತು. ಮಹಾನಂದಾ ಅವಳ ಭುಜದ ಮೇಲೆ ಕೈ ಇಟ್ಟಳು.

ಇದು ಮುಂದೆಂದೋ ನಡೆಯುವ ಕತೆ. ಉಸಿರುಪಟ್ಟಿ ಇನ್ನೂ ಬಂದಿಲ್ಲ, ಕುಶಲಾ ಇನ್ನೂ ಹುಟ್ಟಿಲ್ಲ. ಇವತ್ತು ಬೆಳಿಗ್ಗೆ ಓಣಿಯಲ್ಲಿ ಯಾರೋ ಎದುರಾಗಿ ಮನೆಯಲ್ಲಿ ಎಲ್ಲರೂ ಹೇಗಿದ್ದಾರೆಂದು ಕೇಳಿದರು, ನೀವೂ ಆರಾಮ ಎಂದೇ ಹೇಳಿ ಮುಂದೆ ನಡೆದಿರಿ. ಆಗ ಫೋನು ನಿಮ್ಮ ಜೇಬಿನಲ್ಲೇ ಇತ್ತು, ನಿಮ್ಮ ಮಾತು ಕೇಳಿಸಿಕೊಳ್ಳುತ್ತ.