ಅಪ್ಪನ ಎಡಗೈ

“ಬಟ್ಟಲು ಎತ್ತಿ ಹಿಡ್ಕೊಂಡು ಉಣ್ಣೋ. ನಾಯಿ ಥರ ಬಗ್ಗಿ ತಿಂತೀಯಲ್ಲ, ಮನೆಗೆ ಬಂದ ಹುಡುಗ ಏನಂದ್ಕೊಂಡಾನು?”

ಅಜ್ಜಿ ಬೈದದ್ದು ನಾಗಿಸಾಳನ್ನಲ್ಲ, ಅವಳ ಅಪ್ಪನನ್ನು. ನಲವತ್ತೆರಡು ವರ್ಷದ ಅಪ್ಪ ಹಲ್ಲು ಕಿರಿದು, ಮೇಜಿನ ಮೇಲಿದ್ದ ಅನ್ನದ ಬಟ್ಟಲಿಗೇ ಮತ್ತೆ ಬಗ್ಗಿದ. ಎಡಗೈ ತೊಡೆಯ ಮೇಲೇ ಇತ್ತು. ಅವರ ನಾಡಿನಲ್ಲಿ ಮೂರು ವರ್ಷದ ಮಕ್ಕಳೂ ಎಡಗೈಯಲ್ಲಿ ಬಟ್ಟಲು ಎತ್ತಿ ಹಿಡಿದೇ ಕಡ್ಡಿಗಳಿಂದ ಉಣ್ಣುತ್ತವೆ. ನಾಗಿಸಾ ನಾಚಿಕೆಯಿಂದ ತಲೆ ತಗ್ಗಿಸಿದಳು. ಎದುರಿಗಿದ್ದ ತೈಗ, ಅವಳ ಕ್ಲಾಸಿನವನು, ಕಿಸಕ್ಕನೆ ನಕ್ಕ.

ಸ್ಟೇಡಿಯಂ ದಾರಿಯಲ್ಲೂ ಅವನ ಬಾಯಿ ಸುಮ್ಮನಿರಲಿಲ್ಲ. “ನಿಮ್ಮಪ್ಪ ಸೀಗಲ್ಸ್ ಬೇಸ್‌ಬಾಲ್ ಟೀಮಲ್ಲಿದ್ದಾರೆ ಅಂತ ಕೊಚ್ಕೋತೀಯ. ಹನ್ನೆರಡು ವರ್ಷದಲ್ಲಿ ಒಂದು ಮ್ಯಾಚಾದ್ರೂ ಆಡಿದಾರೇನೇ?”

ಆಡಿರಲಿಲ್ಲ. ಪಂದ್ಯಕ್ಕೆ ಮುಂಚೆ ಪಿಚರ್, ಅಂದರೆ ಚೆಂಡೆಸೆಯುವ ಆಟಗಾರ, ತೋಳು ಸಡಿಲಿಸಿಕೊಳ್ಳಲು ಎಸೆಯುವ ಚೆಂಡುಗಳನ್ನು ಹಿಡಿಯುವುದು ಅಪ್ಪನ ಕೆಲಸ. ಪಂದ್ಯ ಶುರುವಾದರೆ ಹಿಡಿಯುವವನೇ ಬೇರೆ.

ಅಭ್ಯಾಸದ ಜಾಗದ ಬಲೆಯ ಪಕ್ಕದಲ್ಲೇ ಅವರ ಸೀಟು. ಅವತ್ತಿನ ಪಿಚರ್ ಹಿರಾನುಮ ಹಿಂದಿನ ನಾಲ್ಕು ಪಂದ್ಯ ಸೋತಿದ್ದ. ಇದೂ ಸೋತರೆ ಎರಡನೇ ದರ್ಜೆಯ ತಂಡಕ್ಕೆ ತಳ್ಳುತ್ತಾರೆಂದು ಪೇಪರಿನಲ್ಲಿ ಬಂದಿತ್ತು. ಅವನ ಮುಖ ಬಿಳಿಚಿಕೊಂಡಿತ್ತು.

ಮೊದಲ ಚೆಂಡು ಅಪ್ಪನ ಎಡಗೈ ಗ್ಲೌಸಿನಲ್ಲಿ ಹೆಬ್ಬೆರಳ ಪಕ್ಕದ ಜಾಲರಿಯೊಳಗೆ ಪುಸ್ ಎಂದು ಬಿತ್ತು. ಎರಡನೆಯದೂ ಪುಸ್. ಹಿರಾನುಮನ ಭುಜ ಇಳಿದುಹೋಯಿತು.

ಅಪ್ಪ ಗ್ಲೌಸನ್ನು ಒಂದು ಬೆರಳಿನಷ್ಟು ಸರಿಸಿದ. ಮುಂದಿನ ಚೆಂಡು ಜಾಲರಿಗಲ್ಲ, ನೇರ ಅಂಗೈಗೆ ಬಡಿಯಿತು. ಫಟಾರ್! ಹಿಂದಿನ ಸಾಲಿನವರೆಲ್ಲ ತಿರುಗಿ ನೋಡಿದರು.

“ಬೆಂಕಿ ಕಣೋ ನಿನ್ನ ಬಾಲ್. ಹಾಕು ಇನ್ನೊಂದು,” ಎಂದ ಅಪ್ಪ.

ಫಟಾರ್. ಫಟಾರ್. ಹಿರಾನುಮನ ಬೆನ್ನು ನೆಟ್ಟಗಾಗುತ್ತ ಬಂತು. ಚೆಂಡಿಗೂ ವೇಗ ಬಂತು.

ನೀರು ಕುಡಿಯಲು ಅವನು ಆಚೆ ತಿರುಗಿದ. ಅಪ್ಪ ಸರಕ್ಕನೆ ಗ್ಲೌಸ್ ಕಿತ್ತು, ಎಡಗೈಯನ್ನು ಕಂಕುಳಲ್ಲಿ ಅವುಚಿ ತುಟಿ ಕಚ್ಚಿದ. ಹಿರಾನುಮ ಈಚೆ ತಿರುಗುವಷ್ಟರಲ್ಲಿ ಅಪ್ಪ ಗ್ಲೌಸ್ ತೊಟ್ಟು ನಗುತ್ತಿದ್ದ. ತೈಗ ಐಸ್‌ಕ್ರೀಂ ನೆಕ್ಕುತ್ತಿದ್ದ. ನೋಡಿದವಳು ನಾಗಿಸಾ ಒಬ್ಬಳೇ.

ಪಂದ್ಯ ಶುರುವಾಯಿತು. ಎದುರಾಳಿಗಳು ಒಬ್ಬೊಬ್ಬರೇ ಬಂದರು, ಬ್ಯಾಟು ಬೀಸಿದರು, ಗಾಳಿಗೆ ಹೊಡೆದು ಹೋದರು. ಆರನೇ ಸರದಿಯಲ್ಲಿ ಸೀಗಲ್ಸ್‌ಗೆ ಹೇಗೋ ಒಂದು ರನ್ ಸಿಕ್ಕಿತು. ಅಷ್ಟೇ ಸಾಕಾಯಿತು. ಕೊನೆಯ ಚೆಂಡಿನವರೆಗೂ ಹಿರಾನುಮನೇ ಎಸೆದ. ಒಂದು–ಸೊನ್ನೆ. ಮೈದಾನವೆಲ್ಲ ಎದ್ದು ನಿಂತಿತು.

“ಹಿರಾನುಮ ಒಬ್ನೇ ಗೆಲ್ಲಿಸ್ಬಿಟ್ಟ. ನಿಮ್ಮಪ್ಪ ಬೆಂಚು ಬಿಸಿ ಮಾಡಿದ್ರು,” ಎಂದ ತೈಗ.

“ಮ್ಯಾಚಿಗೆ ಮುಂಚೆ ಫಟಾರ್ ಅಂತ ಕೇಳಿಸ್ತಲ್ಲ, ಅದು ಏನ್ ಸದ್ದು ಗೊತ್ತಾ?”

“ಬಾಲ್‌ದು.”

“ಅಲ್ಲ,” ಎಂದಳು ನಾಗಿಸಾ. ತನ್ನ ಎಡ ಅಂಗೈಯನ್ನು ಒಮ್ಮೆ ಸವರಿಕೊಂಡಳು. ಕತ್ತು ನೆಟ್ಟಗಿತ್ತು.

ಸಂಜೆ ಊಟಕ್ಕೆ ಕೂತಾಗ ಅಪ್ಪ ಮತ್ತೆ ಬಟ್ಟಲಿಗೆ ಬಗ್ಗಿದ. ಅಜ್ಜಿ ಬಾಯಿ ತೆರೆಯುವ ಮೊದಲೇ ನಾಗಿಸಾ ಎದ್ದು ಅವನ ಪಕ್ಕಕ್ಕೆ ಬಂದಳು. ತೊಡೆಯ ಮೇಲಿದ್ದ ಅಂಗೈ ಊದಿಕೊಂಡು ಹಣ್ಣಾದ ಪ್ಲಮ್ಮಿನ ಬಣ್ಣಕ್ಕೆ ತಿರುಗಿತ್ತು. ಅವಳು ಎರಡೂ ಕೈಯಲ್ಲಿ ಬಟ್ಟಲು ಎತ್ತಿ ಅಪ್ಪನ ಬಾಯಿಯ ಹತ್ತಿರ ಹಿಡಿದಳು.

“ಬಿಡು ಮಗಳೇ, ಬಿಸಿ ಇದೆ. ಕೈ ಸುಡುತ್ತೆ.”

“ಸುಡ್ಲಿ,” ಎಂದಳು ನಾಗಿಸಾ. “ನೀನು ಉಣ್ಣಪ್ಪ.”