ಆರನೇ ರೀಲಿನ ನಗು

"ಇದರಲ್ಲಿರೋ ನಗು ಮಾತ್ರ ತೆಗೀಬೇಡಮ್ಮ," ಎಂದು ಕಿವಿಯಜ್ಜ ತುಕ್ಕು ಹಿಡಿದ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಮುಚ್ಚಳದ ಮೇಲೂ ಕೆಂಪು ಬಣ್ಣದಲ್ಲಿ ಅದನ್ನೇ ಬರೆದಿತ್ತು: ರೀಲು ಆರು, ನಗು ತೆಗೆಯಬಾರದು.

ಅವಳದು ಹಳೆಯ ಸಿನಿಮಾಗಳ ಸದ್ದು ತೊಳೆಯುವ ಕೆಲಸ. ಗೀರು, ಗರಗರ, ಯಾರದೋ ಕೆಮ್ಮು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹೆಕ್ಕಿ ತೆಗೆದು ಮಾತನ್ನು ಹೊಸದರಂತೆ ಮಾಡಿಕೊಡುತ್ತಿದ್ದಳು. ಈ ಸಲ ಬಂದದ್ದು ಎಂಬತ್ತರ ದಶಕದಲ್ಲಿ ಯಾರೋ ಅಲ್ಪಸ್ವಲ್ಪ ದುಡ್ಡಿನಲ್ಲೇ ಮುಗಿಸಿದ ದೆವ್ವದ ಸಿನಿಮಾ. ದೆವ್ವ ಹೊದ್ದ ಬಿಳಿ ಬಟ್ಟೆಯ ಮೂಲೆಯಲ್ಲಿ ಆಸ್ಪತ್ರೆಯ ಮೊಹರಿತ್ತು. ದೆವ್ವದ ಕೈಯಲ್ಲಿ ವಾಚಿತ್ತು. ಹಾರುವ ತಲೆಬುರುಡೆಗೆ ಕಟ್ಟಿದ ದಾರ ಕೊನೆಯ ಸಾಲಿನವರಿಗೂ ಕಾಣುತ್ತಿತ್ತು. ಹೆದರಲು ಹೋದ ಜನ ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಬಂದಿದ್ದರಂತೆ. ಅದರಲ್ಲಿ ಪುಕ್ಕಲು ಅಡುಗೆಯವನಾಗಿದ್ದದ್ದು ಅವಳ ಅಪ್ಪ. ಆ ಸಿನಿಮಾಕ್ಕೆ ಧ್ವನಿ ಹಿಡಿದದ್ದು ಈ ಕಿವಿಯಜ್ಜ.

"ತಪ್ಪಾಗಿರೋದೇ ಅದೊಂದು ಜಾಗ ಅಜ್ಜ. ಮಾಟಗಾರ ಎದುರಿಗೆ ಕೂತು ಮಂತ್ರ ಹೇಳ್ತಿದ್ರೆ ಅಡುಗೆಯವನು ಹೆದರಿ ಅಳಬೇಕು. ಆ ದನಿ ನೋಡಿದ್ರೆ ಬಿದ್ದು ಬಿದ್ದು ನಗ್ತಿದೆ!"

"ಅಳೋದೇ ಇತ್ತು ಕಣಮ್ಮ." ಅಜ್ಜನ ದನಿ ತಗ್ಗಿತು. "ಮಂತ್ರ ಬರೆಸೋಕೆ ಸೋಮಾರಿತನ, ಪ್ರೊಡ್ಯೂಸರ್ ನಿಜವಾದ ಮಾಟಗಾರನ್ನೇ ಡಬ್ಬಿಂಗ್‌ಗೆ ಕರ್ಕೊಂಡು ಬಂದ. ಗಾಜಿನಾಚೆ ನಿಂತು ಎಲ್ರೂ ಅವನ್ನ ಆಡ್ಕೊಂಡು ನಕ್ರು. ಅವನು ಸಿಟ್ಟಿಗೆದ್ದು ಮೈಕಲ್ಲಿ ನಿಜವಾದದ್ದನ್ನೇ ಹೇಳ್ಬಿಟ್ಟ. ಹೆಡ್‌ಫೋನ್ ಹಾಕ್ಕೊಂಡು ಪೂರ್ತಿ ಕೇಳಿದೋರು ಇಬ್ಬರು, ನಾನು ಮತ್ತೆ ನನ್ನ ಜೊತೆಯೋನು. ಅದು ಬಾಯಲ್ಲಿ ಕೂತ್ಕೊಳ್ಳುತ್ತೆ ಮಗಳೇ. ನಿಲ್ಸೋಕಾಗಲ್ಲ. ನನ್ನ ಜೊತೆಯೋನು ಅದನ್ನೇ ಹೇಳ್ತಾ ಹೇಳ್ತಾ ಮೂರನೇ ದಿನ ಸತ್ತುಹೋದ. ಎದುರಿಗೆ ಯಾರಾದ್ರೂ ಮನಸಾರೆ ನಕ್ರೆ ಮಾತ್ರ ಬಿಡುತ್ತೆ. ನಿಮ್ಮಪ್ಪ ನನಗೋಸ್ಕರ ನಕ್ಕ. ಆ ನಗು ಮಂತ್ರದ ಮೇಲೇ ಅಚ್ಚಾಯ್ತು, ಅದಿರೋವರೆಗೆ ಕೇಳಿದೋರಿಗೆ ಏನೂ ಆಗಲ್ಲ."

"ನಮ್ಮಪ್ಪ? ನಕ್ಕಿದ್ದು?" ಅವಳಿಗೆ ತಡೆಯಲಾಗಲಿಲ್ಲ. "ಆ ನಗು ಬೇರೆ ಯಾರದೋ ಅಂದ್ಕೊಂಡಿದ್ದೆ. ಹುಟ್ಟಿದಾಗಿಂದ ನಾನು ಅವರ ಹಲ್ಲೇ ನೋಡಿಲ್ಲ ಅಜ್ಜ! ಒಳ್ಳೆ ಕತೆ ಕಟ್ತೀರಿ ಬಿಡಿ."

ಅಜ್ಜ ತಲೆ ತಗ್ಗಿಸಿ ಹೊರಟುಹೋದ.

ಅವಳು ಹುಟ್ಟಿದ್ದು ಸಿನಿಮಾ ಬಂದ ಮರುವರ್ಷ. ಊರನ್ನೆಲ್ಲ ನಗಿಸಿದ ಅಪ್ಪ ಮನೆಯಲ್ಲಿ ಒಂದು ದಿನವೂ ನಗಲಿಲ್ಲ. ಅವಳು ಮೊದಲ ಹೆಜ್ಜೆಯಿಟ್ಟಾಗ ನಗಲಿಲ್ಲ, ಅವಳ ಮದುವೆಯ ಫೋಟೋದಲ್ಲಿ ನಗಲಿಲ್ಲ. ತಾನೆಂದರೆ ಅಪ್ಪನಿಗೆ ಇಷ್ಟವಿಲ್ಲ ಎಂದುಕೊಂಡೇ ಅವಳು ಬೆಳೆದಳು, ಅದನ್ನು ಕೇಳುವ ಮೊದಲೇ ಅಪ್ಪ ತೀರಿಕೊಂಡ. ಈಗ ಆ ನಗು ಕೈಗೆ ಸಿಕ್ಕಿತ್ತು, ಎರಡು ನಿಮಿಷ ನಲವತ್ತು ಸೆಕೆಂಡು. ಕೆಳಗಿನ ಗೊಣಗಾಟವನ್ನು ಬಿಡಿಸಿ ಅದೊಂದನ್ನೇ ಕೇಳಬೇಕೆಂದು ಜೀವ ಹಾತೊರೆಯಿತು.

ಮಾರನೇ ದಿನ ಮಧ್ಯಾಹ್ನ ಕೂತಳು. ಶಾಲೆಗೆ ಅರ್ಧ ದಿನ ರಜೆಯೆಂದು ಆರು ವರ್ಷದ ಮಗಳು ಜೊತೆಗಿದ್ದಳು. ಮನೆಯವರೆಲ್ಲ ಚಿನಕುರುಳಿ ಎಂದೇ ಕರೆಯುವ ಹುಡುಗಿ, ನೊಣ ಹಾರಿದರೂ ನಗುವವಳು. ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ದಪ್ಪ ಕಪ್ಪು ಬಟ್ಟೆ. ಬಾಗಿಲು ಮುಚ್ಚಿದರೆ ಹೊರಗಿನ ಹಗಲು ಪೂರ್ತಿ ಸತ್ತುಹೋಗುತ್ತಿತ್ತು. ಹಳೆಯ ರೀಲಿನ ಹುಳಿ ವಾಸನೆ ಗಂಟಲಿಗೆ ಅಡರುತ್ತಿತ್ತು.

ಒಂದು ಗಂಟೆಯಲ್ಲಿ ಬಿಡಿಸಿಬಿಟ್ಟಳು. ಪರದೆಯ ಮೇಲೆ ಎರಡು ಸಾಲು, ಮೇಲೆ ನಗು, ಕೆಳಗೆ ಕಸ. ಹೆಡ್‌ಫೋನಿನಲ್ಲಿ ಅಪ್ಪ ನಕ್ಕ. ಉಸಿರು ಸಿಕ್ಕಿಕೊಂಡು, ಮೂಗು ಸೊರಗುಟ್ಟಿ, ಮತ್ತೆ ಭುಗಿಲೆದ್ದು ನಕ್ಕ. ಅವಳ ಕಣ್ಣಲ್ಲಿ ದಳದಳ ನೀರಿಳಿಯಿತು.

ಈ ಕೆಲಸದಲ್ಲಿ ಒಂದು ಪದ್ಧತಿಯಿದೆ. ತೊಳೆದದ್ದನ್ನು ಕೇಳಿ ಏಳುವಂತಿಲ್ಲ, ತೆಗೆದ ಕಸವನ್ನೂ ಪೂರ್ತಿ ಕೇಳಬೇಕು. ಬೇಕಾದದ್ದು ಅದರೊಳಗೆ ಬಿದ್ದು ಹೋಗಿರಬಹುದು. ಅಪ್ಪನ ನಗುವಿನ ಒಂದು ಚೂರನ್ನೂ ಕಳೆದುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಕಸದ ಸಾಲನ್ನು ಒತ್ತಿದಳು.

ಮೊದಲು ಬರೀ ಉಸಿರು. ಆಮೇಲೆ ಒಣಗಿದ, ತಗ್ಗಿದ ದನಿ. ಮಾತು ಅರ್ಥವಾಗಲಿಲ್ಲ. ಆದರೂ ಅದು ತನ್ನನ್ನೇ ನೋಡಿ ಹೇಳುತ್ತಿದೆ ಅನ್ನಿಸಿತು. ಸುಟ್ಟ ಕೂದಲಿನ ವಾಸನೆ ಬಂತು. ನಿಲ್ಲಿಸಬೇಕೆಂದುಕೊಂಡಳು, ಬೆರಳು ಏಳಲಿಲ್ಲ. ಎರಡು ನಿಮಿಷ ನಲವತ್ತು ಸೆಕೆಂಡು ಮುಗಿಯಿತು. ಅವಳು ಹೆಡ್‌ಫೋನ್ ಕಿತ್ತೆಸೆದಳು.

ದನಿ ನಿಲ್ಲಲಿಲ್ಲ.

ಅದು ಅವಳ ಬಾಯಿಂದಲೇ ಬರುತ್ತಿತ್ತು. ನಾಲಿಗೆ ತಣ್ಣಗಾಗಿತ್ತು. ತುಟಿ ಕಚ್ಚಿದಳು, ರಕ್ತ ಬಂತು, ಮಾತೂ ಬಂತು. ಎದೆಯಲ್ಲಿ ಉಸಿರಿಲ್ಲ. ಆದರೂ ಬಂತು. ಕಣ್ಣು ಕತ್ತಲಿಟ್ಟಿತು.

"ಅಮ್ಮಾ?"

ಚಿನಕುರುಳಿ ಬಣ್ಣದ ಪೆನ್ಸಿಲ್ ಹಿಡಿದು ನೋಡುತ್ತಿದ್ದಳು. ಮುಖದಲ್ಲಿ ಭಯವಿತ್ತು. ಆಮೇಲೆ ಅವಳ ಕಣ್ಣು ಪರದೆಯತ್ತ ಹೋಯಿತು, ಅದರ ಮೂಲೆಯಲ್ಲಿ ಸಿನಿಮಾ ಮುಂದಕ್ಕೆ ಓಡುತ್ತಿತ್ತು. ತಾತ ತಲೆಗೆ ಪಾತ್ರೆ ಸಿಕ್ಕಿಸಿಕೊಂಡು ಕಂಬಕ್ಕೆ ಹಾಯುತ್ತಿದ್ದ. ಅಮ್ಮನೂ ತಾತನ ಹಾಗೆ ನಟಿಸುತ್ತಿದ್ದಾಳೆ ಎಂದುಕೊಂಡಳೋ ಏನೋ, ಹುಡುಗಿಯ ತುಟಿ ಅರಳಿತು.

ಆಗ ತಾಯಿಗೆ ಹೊಳೆಯಿತು. ಅಪ್ಪ ಯಾಕೆ ನಗಲಿಲ್ಲವೆಂದು. ಅಜ್ಜ ಯಾಕೆ ತಲೆ ತಗ್ಗಿಸಿದನೆಂದು. ನಕ್ಕವರ ನಗು ಆ ಮಂತ್ರದ ಮೇಲೇ ಉಳಿಯುತ್ತದೆ, ಮರಳಿ ಬರುವುದಿಲ್ಲ.

ಮಗಳು ಕೈಯಳತೆಯಲ್ಲಿದ್ದಳು. ಆ ಪುಟ್ಟ ಬಾಯಿ ಮುಚ್ಚಿಬಿಟ್ಟರೆ ಆಯಿತು. ಅವಳ ಕೈ ಎದ್ದಿತು. ಅರ್ಧ ದೂರ ಹೋಯಿತು. ಎದೆ ಒಡೆಯುತ್ತಿತ್ತು. ಬದುಕಬೇಕೆನ್ನಿಸಿತು. ಬರೀ ಬದುಕಬೇಕು.

ಕೈ ಅಲ್ಲೇ ನಿಂತಿತು.

ಚಿನಕುರುಳಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕುರ್ಚಿಯಿಂದ ಜಾರಿ, ನೆಲದಲ್ಲಿ ಹೊರಳಿ ನಕ್ಕಳು. ತಾಯಿಯ ನಾಲಿಗೆ ಸಡಿಲವಾಯಿತು, ಬಾಯಿ ನಿಂತಿತು. ಅವಳು ಮಗಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. ಮಗುವಿನ ನಗು ಕ್ಷಣದಲ್ಲಿ ಸೋರಿಹೋಯಿತು.

ಅಂದೇ ಎರಡು ಸಾಲುಗಳನ್ನೂ ಮೊದಲಿನಂತೆ ಕೂಡಿಸಿಟ್ಟಳು. ಕಿವಿಯಜ್ಜ ಬಂದು ಮಗುವಿನ ಮುಖ ನೋಡಿದ, ಗೋಡೆಗೆ ಒರಗಿ ಕೂತುಬಿಟ್ಟ.

ಮೂರು ತಿಂಗಳ ಮೇಲೆ ಸಿನಿಮಾ ಮತ್ತೆ ತೆರೆಗೆ ಬಂತು. ಥಿಯೇಟರ್ ತುಂಬಿತ್ತು. ದೆವ್ವದ ವಾಚು ಕಂಡಾಗ ಜನ ಸಿಳ್ಳೆ ಹೊಡೆದರು. ಆರನೇ ರೀಲಿನಲ್ಲಂತೂ ಕುರ್ಚಿಗಳೇ ಅಲುಗಿದವು. ತಾಯಿಯ ಪಕ್ಕದಲ್ಲಿ ಚಿನಕುರುಳಿ ತಾತನದೇ ಆ ಗಂಟುಮುಖ ಹೊತ್ತು ಕೂತಿದ್ದಳು. ತಲೆ ವಾಲಿಸಿ, ಕಿವಿಗೊಟ್ಟು ಕೇಳಿದಳು. ಆಮೇಲೆ ಅಮ್ಮನ ಸೆರಗು ಜಗ್ಗಿದಳು.

"ಅಮ್ಮಾ, ತಾತನ ಜೊತೆ ಒಂದು ಪುಟ್ಟ ಹುಡುಗೀನೂ ನಗ್ತಿದ್ದಾಳಲ್ಲ, ಯಾರದು? ಎಷ್ಟು ಚೆನ್ನಾಗಿ ನಗ್ತಾಳೆ."