ನೆರಳಿನ ಕಡೆಯ ಕೊಂಬೆ

"ಈ ಮರದಲ್ಲಿ ಮೂರು ಮೂಟೆಯಿಂದ ಏಳು ಮೂಟೆಗಂಟ ಹುಣಸೆಹಣ್ಣು ಆಗ್ಬೌದು," ಎಂದಳು ಹೇಮ.

ಫಸಲು ಗುತ್ತಿಗೆ ಹಿಡಿಯಲು ಸಿಂಧಘಟ್ಟದಿಂದ ಬಂದಿದ್ದ ತಿಮ್ಮೇಶ ನಕ್ಕುಬಿಟ್ಟ.

"ಇದೂ ಒಂದು ಲೆಕ್ಕವಾ? ಮರ ನೋಡಿದ್ಮೇಲೆ ಒಂದೇ ಮಾತು ಹೇಳ್ಬೇಕು. ಆರು ಮೂಟೆ ಕಣ್ರೀ."

"ಗೊತ್ತಿಲ್ದೇ ಇರೋದನ್ನ ಗೊತ್ತು ಅನ್ನಾಕಿಲ್ಲ ನಾನು. ಒಂದು ಕೊಂಬೆ ಉದುರ್ಸಿ ತೂಗಿ. ಆಮೇಲೆ ಹತ್ರ ಬತ್ತೀನಿ."

ಅವನು ಕಣ್ಣೆತ್ತಿ ನೋಡಿದ.

"ಲೆಕ್ಕಕ್ಕೆ..." ಎಂದು ಸೇರಿಸಿದಳು. ಕಿವಿ ಬೆಚ್ಚಗಾಗಿತ್ತು.

ಮರದ ಒಡೆಯ, ದೇವಲಾಪುರದ ನಿಂಗಯ್ಯನ ಮಗಳು ಅವಳು. ಮರದ ಮಾತು ಬಂದರೆ ಅಪ್ಪನೇ ಅವಳ ಮುಖ ನೋಡುತ್ತಿದ್ದ.

ತಿಮ್ಮೇಶ ಬಿಸಿಲಿನ ಕಡೆ ಜೋತಾಡುತ್ತಿದ್ದ ಕೊಂಬೆಗೆ ಕೋಲೆತ್ತಿದ.

"ಅದಲ್ಲ. ಅದು ತುಂಬಿರೋದು ಕಣ್ಣಿಗೇ ಕಾಣ್ತದೆ, ಹೊಸದೇನ್ ಹೇಳ್ತದೆ? ನೆರಳಿನ ಕಡೇದು ಉದುರ್ಸಿ."

ಅಲ್ಲಿ ಕಾಯಿ ತೆಳುವಾಗಿತ್ತು. ತೂಗಿದ ಮೇಲೆ ಹೇಮ, "ನಾಲ್ಕರಿಂದ ಐದು," ಎಂದಳು. ಮರವೆಲ್ಲ ಉದುರಿಸಿದಾಗ ನಾಲ್ಕು ಮೂಟೆ ತುಂಬಿ, ಐದನೆಯದು ಅರ್ಧಕ್ಕೆ ನಿಂತಿತು. ತಿಮ್ಮೇಶ ಸೋತಿದ್ದಕ್ಕೂ ನಕ್ಕ. ಆದರೆ ಮನಸ್ಸನ್ನು ಆ ಮರದಡಿಯಲ್ಲೇ ಬಿಟ್ಟುಹೋದ.

ಮುಂದಿನ ವಾರ ತಾಯಿ ಇಂದ್ರಮ್ಮನನ್ನು ಕರೆದುಕೊಂಡು ಹೆಣ್ಣು ನೋಡಲು ಬಂದ.

"ನನ್ ಮಗ ಒಪ್ಪವ್ನೆ. ನೀನೇನಂತೀಯವ್ವ?"

ಹೇಮಳ ಎದೆ ಹೌದೆನ್ನುತ್ತಿತ್ತು. ಆದರೆ ಅವಳು ಕಂಡಿದ್ದು ಅವನ ನಗುವ ಮುಖವೊಂದನ್ನೇ... ಅಷ್ಟರಿಂದಲೇ ಒಬ್ಬ ಮನುಷ್ಯ ತಿಳಿದುಬಿಡುತ್ತಾನೆಯೇ?

"ಇನ್ನೂ ಗೊತ್ತಿಲ್ಲ ಅವ್ವ," ಎಂದಳು.

ಹೆಣ್ಣು ನೋಡುವ ಮನೆಯಲ್ಲಿ ಆ ಮಾತಿಗೆ ಒಲ್ಲೆ ಎಂದೇ ಅರ್ಥ. ತಿಮ್ಮೇಶ ಕಾಫಿ ಲೋಟ ಕೆಳಗಿಟ್ಟು ಎದ್ದುಹೋದ.

ಹೇಮ ಅತ್ತಳು. ನಿಂಗಯ್ಯ ಬೈಯಲಿಲ್ಲ. "ಸುಳ್ಳು ಹೇಳ್ಳಿಲ್ವಲ್ಲ ನೀನು, ಬುಡು. ನನ್ ಮಗಳು ಕಣವ್ವ," ಎಂದು ತಲೆ ಸವರಿದ.

ಅವಳು ಕಣ್ಣೊರೆಸಿಕೊಂಡಳು. ಮಾರನೆಯ ದಿನ ಅಪ್ಪನಿಗೆ ಹೇಳಿ, ಸಿಂಧಘಟ್ಟದ ಬಸ್ಸು ಹಿಡಿದಳು.

ತಿಮ್ಮೇಶ ಅಂಗಳದಲ್ಲಿ ಹಣ್ಣು ಹರವುತ್ತಿದ್ದ. ಅವಳನ್ನು ಕಂಡು ಮುಖ ಬಿಗಿದುಕೊಂಡ.

"ಒಲ್ಲೆ ಅಂದ್ಮೇಲೆ ಇಲ್ಲಿಗ್ಯಾಕೆ ಬಂದ್ರಿ? ನಮ್ಮವ್ವ ದಾರಿಯೆಲ್ಲ ಮಾತಾಡ್ಲಿಲ್ಲ."

ಹೇಮ ತಲೆ ತಗ್ಗಿಸಲಿಲ್ಲ. ಬೆವರು ಮಾತ್ರ ಇಳಿಯುತ್ತಿತ್ತು.

"ಬಿಸಿಲಲ್ಲಿ ನಿಲ್ಬೇಡಿ," ಅವನು ಗದರಿದ. ಚೊಂಬು ತಂದು ಮುಂದೆ ಹಿಡಿದ. "ಮೊದ್ಲು ನೀರ್ ಕುಡೀರಿ. ಆಮೇಲೆ ಬೈತೀನಿ."

ಅವಳು ಕುಡಿದಳು. ಒಳಗೆ ಏನೋ ತಿಳಿಯಾಯಿತು.

"ಒಲ್ಲೆ ಅಂದಿರ್ಲಿಲ್ಲ. ಗೊತ್ತಿಲ್ಲ ಅಂದಿದ್ದೆ."

"ಈಗ?"

"ಕೋಪ ಬಂದಾಗ ನೀವು ಹೆಂಗಿರ್ತೀರಿ ಅಂತ ನೋಡ್ದೆ... ನಂಗೊಪ್ಪಿಗೆ."

ಅವನ ದನಿ ಇಳಿಯಿತು. "ನನ್ ವಿಷ್ಯ ತಿಳೀದೆ ಇರೋದು ಇನ್ನೂ ಬೇಕಾದಷ್ಟದೆ. ನೋಡಾಕೆ ಎಷ್ಟು ವರ್ಸ ಹಿಡೀತದೋ."

"ಎಷ್ಟಾದ್ರೂ ಹಿಡೀಲಿ. ಮೊದ್ಲು ನಿಮ್ಮವ್ವನ್ನ ಕರೀರಿ. ಈ ಮಾತ ಅವರಿಗೆ ನಾನೇ ಹೇಳ್ಬೇಕು."